ಉಪ್ಪು ತಿಂದ ರಾಟೆ

ಮನೆಯೆಂದಮೇಲೆ ಅದರಲ್ಲಿ ಕೆಟ್ಟು ಕುಳಿತ ವಸ್ತುವೊಂದು ಇದ್ದೇ ಇರುವುದು. ಒಬ್ಬರ ಮನೆಯಲ್ಲಿ ಅದು ನಿಂತುಹೋದ ಗೋಡೆಗಡಿಯಾರ. ಮತ್ತೊಬ್ಬರ ಮನೆಯಲ್ಲಿ ಅಜ್ಜಿಯ ಕಾಲದ ಹೊಲಿಗೆಯ ಯಂತ್ರ. ಇಂತಹ ವಸ್ತುಗಳನ್ನು ಎಸೆಯಲು ಮನಸ್ಸು ಬಾರದು. ಸರಿಪಡಿಸಲು ಕೈ ಏಳದು. ನಮ್ಮ ಮಂಡ್ಯದ ಮನೆಯಲ್ಲಿ ಕಳೆದ ವರ್ಷ ಆ ಸ್ಥಾನವನ್ನು ಅಲಂಕರಿಸಿದ್ದುದು ಮೀನುಗಾಳದ ಒಂದು ರಾಟೆ. ಕಬ್ಬಿನ ಗದ್ದೆಗಳ ನಡುವೆ, ಘಟ್ಟದಾಚೆಯ ಕಡಲಿಗೆ ಬಹುದೂರದಲ್ಲಿರುವ ಊರಿನಲ್ಲಿ, ಸಮುದ್ರದ ಉಪ್ಪು ಕಚ್ಚಿ ಹಾಳಾದ ರಾಟೆಯ ಕಥೆಯೇ ಎಂದು ವಾಚಕರು ನಗಬಹುದು. ನಗಲಿ. ಆ ಉಪ್ಪು ರಾಟೆಯೊಳಕ್ಕೆ ಮಾತ್ರವೇ ಇಳಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ.

ರಾಟೆಯೆಂದರೆ ಬಾವಿಯ ರಾಟೆಯಲ್ಲ. ಗಾಳದ ಕೋಲಿನ ಬುಡಕ್ಕೆ ಬಿಗಿಯುವ, ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ ಯಂತ್ರ. ನಡುವೆ ದಾರ ಸುತ್ತುವ ಉರುಳೆ, ಪಕ್ಕದಲ್ಲಿ ಕೈಹಿಡಿ. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಒಳಗಿನ ಹಲ್ಲುಚಕ್ರಗಳ ಬಲದಿಂದ ಉರುಳೆಯು ನಾಲ್ಕು ಸುತ್ತು ಸುತ್ತುವುದು. ದೊಡ್ಡ ಮೀನು ಎಳೆದಾಗ ದಾರ ಹರಿಯದಂತೆ ಅಷ್ಟಷ್ಟೇ ಸಡಿಲಬಿಡುವುದಕ್ಕೆ ಒಳಗೊಂದು ತಡೆಯುಂಟು. ಅದನ್ನು ಬಿಗಿಮಾಡಲು ಸಡಿಲಿಸಲು ನಕ್ಷತ್ರದ ಆಕಾರದ ಚಕ್ರವೊಂದುಂಟು. ನಮ್ಮದು ಸ್ವೀಡನ್ ದೇಶದ ಆಬು ಕಂಪೆನಿಯ ‘ಅಂಬಾಸಡರ್’ ಎಂಬ ಹೆಸರಿನದು. ಈ ಕಂಪೆನಿಯವರು 1921ರಲ್ಲಿ ಕಾರ್ಖಾನೆ ತೆರೆದಾಗ ಮಾಡುತ್ತಿದ್ದುದು ಗಡಿಯಾರಗಳನ್ನು. ಆಮೇಲೆ ಬಾಡಿಗೆ ಮೋಟಾರುಗಳ ಮೀಟರುಗಳನ್ನು. ಎರಡನೆಯ ಮಹಾಯುದ್ಧದಲ್ಲಿ ಆ ವ್ಯಾಪಾರ ಕುಸಿಯಲು, ಅದೇ ಕೈಗಳು ಮೀನುಗಾಳದ ರಾಟೆಗಳನ್ನು ಮಾಡತೊಡಗಿದುವು. ಆದುದರಿಂದಲೇ ಇದರ ಒಳಗನ್ನು ನೋಡಿದವರಿಗೆ ಗಡಿಯಾರದ ನೆನಪು ಬರುವುದು.

ಈ ರಾಟೆಯು ನಮ್ಮ ತಂದೆಯವರದು. ಅವರು ಮಳವಳ್ಳಿ ತಾಲ್ಲೂಕಿನ ಹಲಗೂರಿನಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದವರು. ಹಲಗೂರಿನಿಂದ ಕಾಡಿನ ದಾರಿಯಾಗಿ ಇಳಿದರೆ ಮುತ್ತತ್ತಿ. ಅಲ್ಲಿಂದ ಹೊಳೆಯ ಪಕ್ಕದಲ್ಲಿಯೇ ಹೋದರೆ ಭೀಮೇಶ್ವರಿ. ಅಲ್ಲಿ ಕಾವೇರಿಯ ಮಡುಗಳಲ್ಲಿರುವ ಬಿಳಿಮೀನನ್ನು, ಎಂದರೆ ಇಂಗ್ಲಿಷಿನವರು ಮಹಶೀರ್ ಎನ್ನುವ ಮೀನನ್ನು, ಗಾಳದಿಂದ ಹಿಡಿಯಲು ಹೊರದೇಶದವರು ಬರುತ್ತಿದ್ದ ಕಾಲವೊಂದಿತ್ತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು 1873ರಷ್ಟು ಹಿಂದೆಯೇ ಈ ದೇಶದ ಗಾಳದ ಬೇಟೆಯನ್ನು ಕುರಿತು ಒಂದು ಪುಸ್ತಕವನ್ನು ಬರೆದರು. ಮೈಸೂರಿನಲ್ಲಿ ಹುಲಿ ಚಿರತೆಗಳ ಚರ್ಮಕ್ಕೆ ರೂಪಕೊಡುತ್ತಿದ್ದ ವಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡು ತೂಗಿತಂತೆ. ಮುಂದೆ, 1980ರ ಬಳಿಕ, ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯವರು ಭೀಮೇಶ್ವರಿಯಲ್ಲಿ ಗಾಳದವರಿಗೆಂದೇ ಬಿಡಾರ ನಡೆಸಿದರು. ಹಿಡಿದ ಮೀನನ್ನು ತೂಗಿ ಮರಳಿ ಹೊಳೆಗೆ ಬಿಡಬೇಕೆಂಬುದು ಅಲ್ಲಿಯ ನಿಯಮ.

ಇಂಗ್ಲಿಷು ಬಲ್ಲ ಮೇಷ್ಟ್ರೆಂದು ನಮ್ಮ ತಂದೆಯವರನ್ನು ರಜಾದಿನಗಳಲ್ಲಿ ಬಂದವರಿಗೂ ಹರಿಗೋಲಿನವರಿಗೂ ನಡುವೆ ಮಾತಿನ ಸೇತುವೆಯಾಗಲು ಕರೆಯುತ್ತಿದ್ದರು. ಹೋದವರು ಮಾತಿನಲ್ಲಿಯೇ ನಿಲ್ಲಲಿಲ್ಲ. ರಾಗಿಹಿಟ್ಟನ್ನು ಬೇಯಿಸಿ ಉಂಡೆಮಾಡಿ ಗಾಳಕ್ಕೆ ಹಚ್ಚುವುದನ್ನೂ ಕಲಿತರು. 1986ರ ಚಳಿಗಾಲದಲ್ಲಿ ಒಬ್ಬ ವೃದ್ಧ ಅತಿಥಿಗಳು ಊರಿಗೆ ಹೊರಟಾಗ ತಮ್ಮ ರಾಟೆಯನ್ನು ಇವರ ಕೈಯಲ್ಲಿಟ್ಟು, “ಇನ್ನು ನಾನು ಬರಲಾರೆ, ಇದು ಇಲ್ಲಿಯೇ ಇರಲಿ” ಎಂದರಂತೆ. ಅಂದಿನಿಂದ ಅದು ನಮ್ಮ ಮನೆಯ ಮಗುವಾಯಿತು. ಊರಿನವರು, “ತಿನ್ನುವುದಿಲ್ಲವಾದರೆ ಹಿಡಿಯುವುದೇಕೆ ಮೇಷ್ಟ್ರೇ?” ಎಂದು ಕೇಳುತ್ತಿದ್ದರು. ತಂದೆಯವರು ನಕ್ಕು ಸುಮ್ಮನಾಗುತ್ತಿದ್ದರು.

ಆ ಪ್ರದೇಶವು 1987ರಲ್ಲಿ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿತು. ಸುಮಾರು 2012ರ ಹೊತ್ತಿಗೆ ಧಾಮದೊಳಗೆ ಗಾಳ ಹಾಕುವುದೇ ನಿಂತುಹೋಯಿತು. ಕಾವೇರಿಯಲ್ಲಿಯೂ ಅದರ ಉಪನದಿಗಳಲ್ಲಿಯೂ ಅಲ್ಲದೆ ಪ್ರಪಂಚದಲ್ಲಿ ಬೇರೆಲ್ಲಿಯೂ ಸ್ವಾಭಾವಿಕವಾಗಿ ದೊರೆಯದ ಡುಬ್ಬದ ಬಿಳಿಮೀನು ಅಳಿವಿನ ಅಂಚಿನಲ್ಲಿರುವುದೆಂದು 2018ರಲ್ಲಿ ಪಂಡಿತರು ಪ್ರಕಟಿಸಿದರು. ತಂದೆಯವರು ಯಾರನ್ನೂ ದೂರಲಿಲ್ಲ. ಗಾಳದ ಕೋಲನ್ನು ಅಟ್ಟಕ್ಕೆ ಸೇರಿಸಿದರು. ರಾಟೆಯನ್ನು ಮಾತ್ರ ಬಿಳಿಯ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಹೊರತೆಗೆದು, ಒಂದು ತೊಟ್ಟು ಎಣ್ಣೆ ಬಿಟ್ಟು, ಕುಡುಗೋಲು ಸುತ್ತಿಗೆಗಳ ಸಾಲಿನಲ್ಲಿ ಇಟ್ಟು ಕುಂಕುಮ ಹಚ್ಚುತ್ತಿದ್ದರು.

ಇನ್ನು ನನ್ನ ತಪ್ಪಿಗೆ ಬರುವೆನು. ಮೊನ್ನೆ ಮದುವೆಯಾದ ನನ್ನ ಮಗಳ ಗಂಡನು ಮಂಗಳೂರಿನಲ್ಲಿ ಉದ್ಯೋಗದಲ್ಲಿರುವನು. ಬಯಲುಸೀಮೆಯ ಹುಡುಗ, ಕಡಲನ್ನು ಕಂಡು ಮರುಳಾದವನು. ಅಲ್ಲಿಯ ಗೆಳೆಯರೊಡನೆ ಭಾನುವಾರಗಳಲ್ಲಿ ಉಳ್ಳಾಲದ ಕಡೆಯ ಮರಳುದಂಡೆಯಲ್ಲಿ ನಿಂತು ಗಾಳ ಹಾಕುವ ಹುಚ್ಚು ಅವನಿಗೆ ಹಿಡಿದಿತ್ತು. ಹಬ್ಬಕ್ಕೆ ಬಂದಿದ್ದಾಗ ಬೀರುವಿನಲ್ಲಿ ರಾಟೆಯನ್ನು ಕಂಡು, “ಮಾವ, ಇದನ್ನು ನಾಲ್ಕು ದಿನ ಕೊಡುವಿರಾ?” ಎಂದನು. ಅಳಿಯನು ಬಾಯಿಬಿಟ್ಟು ಕೇಳಿದಾಗ ಇಲ್ಲವೆನ್ನುವ ಮಾವನಿರುವನೇ? ತಂದೆಯವರು ಒಳಗೆ ಮಲಗಿದ್ದರು. ಅವರನ್ನು ಎಬ್ಬಿಸಿ ಕೇಳಬಹುದಾಗಿತ್ತು, ಕೇಳಲಿಲ್ಲ. ನಾಲ್ಕು ದಿನವು ಐದು ತಿಂಗಳಾಯಿತು. ಬೇಸಗೆಯಲ್ಲಿ ಅವನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮರಳಿ ತಂದನು; ನಾನು ಬಿಚ್ಚಿಯೂ ನೋಡದೆ ಹಳೆಯ ಬಿಳಿಯ ಬಟ್ಟೆಯನ್ನು ಮೇಲೆ ಸುತ್ತಿ ಬೀರುವಿನಲ್ಲಿಟ್ಟೆನು.

ಆಯುಧಪೂಜೆ ಬಂದಿತು. ತಂದೆಯವರಿಗೆ ಈಗ 84 ವರ್ಷ. ಒಂದು ಕಣ್ಣಿಗೆ ಪೊರೆ ತೆಗೆಸಿದೆ; ಮತ್ತೊಂದು ಮಂಜು. ರಾಟೆಯನ್ನು ಕೈಗಿತ್ತೆನು. ಅವರು ಹಿಡಿಯನ್ನು ತಿರುಗಿಸಿದರು, ಅದು ಅಲುಗಲಿಲ್ಲ. ಬೆರಳಿನಿಂದ ಅಂಚನ್ನೆಲ್ಲ ಸವರಿದರು. ಬಿಳಿಯ ಪುಡಿ ಬೆರಳಿಗೆ ಹತ್ತಿತು. ಆ ಬೆರಳನ್ನು ನಾಲಗೆಯ ತುದಿಗೆ ಮುಟ್ಟಿಸಿಕೊಂಡರು.

“ಕಡಲಿಗೆ ಹೋಗಿತ್ತೇನೋ ಇದು?” ಎಂದರು.

“ಇಲ್ಲಪ್ಪ, ಮಳೆಗಾಲದ ಥಂಡಿ ಹಿಡಿದಿರಬೇಕು” ಎಂದೆನು.

ಅರುವತ್ತು ಸಮೀಪಿಸಿದ ನಾನು, ಸ್ಲೇಟು ಒಡೆದ ಹುಡುಗನಂತೆ, ಪೂಜೆಯ ಮಣೆಯ ಮುಂದೆ ನಿಂತು ಸುಳ್ಳಾಡಿದೆನು. ಅವರು ಮತ್ತೇನೂ ಕೇಳದೆ ರಾಟೆಗೆ ಕುಂಕುಮವಿಟ್ಟರು. ಅಂದು ಮಾಡಿದ ಹೋಳಿಗೆಯ ರುಚಿ ನನಗೆ ತಿಳಿಯಲಿಲ್ಲ.

ಮರುವಾರ ಕೆಲಸದ ನೆಪದಿಂದ ಬೆಂಗಳೂರಿಗೆ ಹೋದವನು ರಾಟೆಯನ್ನು ಒಂದು ಅಂಗಡಿಯಲ್ಲಿ ತೋರಿಸಿದೆನು. ಅಂಗಡಿಯವನು ಅದನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, “ಇದನ್ನು ಬಿಚ್ಚುವ ಕೂಲಿಗೆ ಹೊಸದೇ ಬರುವುದು” ಎಂದನು. ಅವನ ಲೆಕ್ಕದಲ್ಲಿ ಅದು ಸರಿಯೇ ಇದ್ದಿರಬಹುದು. ಸಂಜೆಯ ರೈಲಿನಲ್ಲಿ ಮರಳುವಾಗ, ಮದ್ದೂರಿನಲ್ಲಿ ವಡೆಯ ಕೂಗು ಕಿವಿಗೆ ಬಿದ್ದರೂ ಕೈ ಜೇಬಿಗೆ ಹೋಗಲಿಲ್ಲ. ಮನೆಗೆ ಬಂದು ಚೀಲವನ್ನು ಮೇಜಿನ ಮೇಲಿಡುತ್ತಲೂ, ಜಗಲಿಯಲ್ಲಿ ಕುಳಿತಿದ್ದ ತಂದೆಯವರು, “ಪೇಟೆಗೆ ತೆಗೆದುಕೊಂಡು ಹೋಗಿದ್ದೆಯಾ? ನಾಳೆ ಬೆಳಗ್ಗೆ ಒಂದು ಬಿಳಿಯ ಪಂಚೆ ಹಾಸು, ನಾವೇ ಬಿಚ್ಚೋಣ” ಎಂದರು.

ಇಲ್ಲಿಂದ ಮುಂದೆ ಬರೆಯುವುದು, ಇಂತಹ ಯಂತ್ರವುಳ್ಳ ಗೃಹಸ್ಥರಿಗೆ ಉಪಯೋಗವಾಗಲೆಂದು.

ಮೊದಲನೆಯದಾಗಿ, ಉಪ್ಪು ಏನು ಮಾಡುವುದೆಂಬುದನ್ನು ಅರಿಯಬೇಕು. ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದು. ನೀರು ಆರಿದರೂ ಉಪ್ಪು ಆರುವುದಿಲ್ಲ. ಸಂದುಗೊಂದುಗಳಲ್ಲಿ ಕುಳಿತು ಗಾಳಿಯ ತೇವವನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತಿರುವುದು. ರಾಟೆಯಲ್ಲಿ ಹಿತ್ತಾಳೆ, ಉಕ್ಕು, ಅಲ್ಯುಮಿನಿಯಂ ಮೂರೂ ಒಂದನ್ನೊಂದು ತಗುಲಿಕೊಂಡಿರುವುವು. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದು ಒಂದು ಪುಟ್ಟ ಬ್ಯಾಟರಿಯೇ ಸರಿ. ಅವುಗಳಲ್ಲಿ ಮೆದುವಾದ ಅಲ್ಯುಮಿನಿಯಂ ಬಿಳಿಯ ಪುಡಿಯಾಗಿ ಕರಗುವುದು, ಹಿತ್ತಾಳೆಗೆ ಹಸಿರು ಕಿಲುಬೇರುವುದು. ಉಪ್ಪಿನಕಾಯಿಯನ್ನು ಹಿತ್ತಾಳೆಯಲ್ಲಿ ಹಾಕದೆ ಜಾಡಿಯಲ್ಲಿ ಹಾಕುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುದಂತೂ ಹಬೆಯಲ್ಲಿ ಬೇಯಿಸಿದಂತಾಗಿತ್ತು.

ಎರಡನೆಯದು, ಬಿಚ್ಚುವ ಕ್ರಮ. ಮೊದಲು ದಾರವನ್ನೆಲ್ಲ ತೆಗೆಯಬೇಕು; ಉರುಳೆಯ ಮೇಲಿನ ಒದ್ದೆ ದಾರವೇ ಉಪ್ಪಿನ ಉಗ್ರಾಣ. ತೆಗೆದ ನೈಲಾನ್ ದಾರವನ್ನು ಹೊರಗೆ ಎಸೆಯಲಾಗದು, ಹಕ್ಕಿಗಳ ಕಾಲಿಗೆ ಸುತ್ತಿ ಪ್ರಾಣ ತೆಗೆಯುವುದು. ತುಂಡುತುಂಡಾಗಿ ಕತ್ತರಿಸಿ ಕಸಕ್ಕೆ ಹಾಕಬೇಕು. ಬಳಿಕ ಪಕ್ಕದ ಮೂರು ತಿರುಪುಗಳನ್ನು ಸಡಿಲಿಸಿದರೆ ತಟ್ಟೆಯು ಬಿಡುವುದು, ಉರುಳೆಯು ಹೊರಬರುವುದು. ನಮ್ಮ ತಿರುಪುಗಳು ಬಿಡಲಿಲ್ಲ. ನಾನು ಇಕ್ಕುಳ ತರಹೋದೆನು. “ಬೇಡ. ಅವಸರಪಟ್ಟರೆ ತಲೆ ಮುರಿಯುವುದು” ಎಂದು ತಂದೆಯವರು ಇಡೀ ರಾಟೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಮುಳುಗಿಸಿಡಿಸಿದರು. ಕಾವೇರಿಯ ನಲ್ಲಿನೀರು, ಕೊಳವೆಬಾವಿಯ ಗಡುಸುನೀರು ಬೇಡವೆಂದರು. ಮೂರು ಬಾರಿ ನೀರು ಬದಲಾಯಿಸಿ, ಮರುದಿನ ಒರಸಿ, ತಿರುಪಿನ ಬುಡಕ್ಕೆ ಎಣ್ಣೆ ಬಿಟ್ಟು ಮತ್ತೊಂದು ದಿನ ಕಾದೆವು. ಮೂರನೆಯ ಬೆಳಗ್ಗೆ ಅವು ಕೈಬೆರಳಿಗೆ ಬಗ್ಗಿದುವು.

ಮೂರನೆಯದು, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಪಂಚೆಯ ಮೇಲೆ ಸಾಲಾಗಿ ಇಡತಕ್ಕದ್ದು. ಈಗ ಎಲ್ಲರ ಕೈಯಲ್ಲಿಯೂ ಚಿತ್ರ ತೆಗೆಯುವ ಫೋನು ಇರುವುದರಿಂದ ಹೆಜ್ಜೆಹೆಜ್ಜೆಗೂ ಒಂದು ಚಿತ್ರ ತೆಗೆದುಕೊಂಡರೆ ಮತ್ತೂ ಮೇಲು. ಪುಟ್ಟ ಸ್ಪ್ರಿಂಗುಗಳನ್ನೂ ಕೊಂಡಿಗಳನ್ನೂ ಬಿಡಿಸುವಾಗ ಪಾರದರ್ಶಕವಾದ ಚೀಲದೊಳಗೆ ಕೈಯಿಟ್ಟು ಬಿಡಿಸಬೇಕು. ಹಾರಿದರೂ ಚೀಲದಲ್ಲಿಯೇ ಉಳಿಯುವುವು. ಈ ಬುದ್ಧಿ ನನಗೆ ಬಂದುದು ನಷ್ಟವಾದ ಮೇಲೆ. ದಾರವು ಉರುಳೆಯ ಮೇಲೆ ಸಮನಾಗಿ ಹರಡುವಂತೆ ಆಚೀಚೆ ಓಡಾಡುವ ಭಾಗವೊಂದುಂಟು. ಅದರ ತಳದಲ್ಲಿ ಗೋಧಿಕಾಳಿಗಿಂತ ಸ್ವಲ್ಪ ದೊಡ್ಡದಾದ ಹಿತ್ತಾಳೆಯ ನಾಲಗೆಯೊಂದು ತಿರುಪಿನ ಗಾಡಿಯಲ್ಲಿ ಹರಿದಾಡುವುದು. ಅದು ನನ್ನ ಕೈತಪ್ಪಿ ಠಣ್ಣೆಂದು ನೆಲಕ್ಕೆ ಬಿದ್ದು ಮಾಯವಾಯಿತು. ಅಯಸ್ಕಾಂತ ತಂದೆನು, ಹಿತ್ತಾಳೆಗೆ ಅದರ ಹಂಗೇನು? ಮುತ್ತತ್ತಿಯ ಹೊಳೆಯಲ್ಲಿ ಸೀತಮ್ಮನವರ ಮೂಗುತಿ ಬಿದ್ದಾಗ ಹನುಮಂತನು ಬಾಲದಿಂದ ಮಡುವನ್ನು ತಡಕಿ ತೆಗೆದುಕೊಟ್ಟು ಮುತ್ತೆತ್ತರಾಯನೆನಿಸಿಕೊಂಡನೆಂದು ಆ ಕಡೆಯ ಜನರು ಹೇಳುವರು. ನಾನು ಮಂಚದ ಕೆಳಗೆ ತೆವಳುತ್ತಿದ್ದುದನ್ನು ಕಂಡ ನನ್ನ ಹೆಂಡತಿಯು, “ಅವನಿಗೆ ಬಾಲವಿತ್ತು, ನಿಮಗೆ ಪೊರಕೆಯಾದರೂ ಇದೆಯಲ್ಲ” ಎಂದು ಮೂಲೆಯಿಂದ ಮೂಲೆಗೆ ಗುಡಿಸಿ, ಮೊರಕ್ಕೆ ತುಂಬಿದ ಕಸದಲ್ಲಿ ಅದನ್ನು ಹೆಕ್ಕಿಕೊಟ್ಟಳು.

ನಾಲ್ಕನೆಯದು ತೊಳೆಯುವ ಕೆಲಸ. ಹಳೆಯ ಜಿಡ್ಡನ್ನು ತೆಗೆಯಲು ಹಿಂದಿನವರು ಸೀಮೆಎಣ್ಣೆಯನ್ನು ಬಳಸುತ್ತಿದ್ದರು. ಈಗ ಅದು ಸುಲಭವಾಗಿ ದೊರೆಯದು. ಬಣ್ಣದ ಅಂಗಡಿಯ ಟರ್ಪೆಂಟೈನ್ ಸಾಕು. ಆದರೆ ಒಲೆಯಿಂದ ದೂರ, ಗಾಳಿಯಾಡುವ ಜಗಲಿಯಲ್ಲಿ, ಲೋಹದ ಭಾಗಗಳಿಗೆ ಮಾತ್ರ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಚಕ್ರಗಳ ಹಲ್ಲುಹಲ್ಲನ್ನೂ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು ಆರಿಸಬೇಕು. ಹಿತ್ತಾಳೆಯ ಕಿಲುಬಿಗೆ ಸಮನೀರು ಬೆರಸಿದ ವಿನಿಗರಿನಲ್ಲಿ ಕೆಲವು ನಿಮಿಷ ಬಿಟ್ಟು ಕೂಡಲೆ ತೊಳೆಯಬೇಕು. ಮರೆತರೆ ಮದ್ದೇ ರೋಗವಾಗುವುದು. ಗುಂಡುಬೇರಿಂಗುಗಳನ್ನು ಬೆರಳಿನ ಮೇಲಿಟ್ಟು ತಿರುಗಿಸಿ ನೋಡಬೇಕು. ಮರಳು ಅರೆದಂತೆ ಸದ್ದಾದರೆ ಅದರ ಕಾಲ ಮುಗಿಯಿತು. ನಮ್ಮದರಲ್ಲಿ ಒಂದು ಹಾಗಾಗಿತ್ತು. ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರನ್ನೂ ಅಳೆದುಕೊಂಡು ಹೋದರೆ ಪೇಟೆಯ ಬೇರಿಂಗ್ ಅಂಗಡಿಯಲ್ಲಿಯೇ ಅದೇ ಅಳತೆಯದು ದೊರೆಯುವುದುಂಟು, ನಮಗೆ ದೊರೆಯಿತು. ಸವೆದ ಹಿತ್ತಾಳೆಯ ನಾಲಗೆಯನ್ನು ಗಡಿಯಾರ ರಿಪೇರಿಯವರೊಬ್ಬರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅರದಿಂದ ತೀಡಿಕೊಟ್ಟರು. ಗಡಿಯಾರದ ವಂಶದ ಯಂತ್ರವು ಗಡಿಯಾರದವರ ಕೈಯಲ್ಲಿಯೇ ಗುಣಹೊಂದಿತು.

ಐದನೆಯದು ಎಣ್ಣೆಯ ವಿಚಾರ. ಕೊಬ್ಬರಿಯೆಣ್ಣೆ ಮೊದಲಾದ ಅಡಿಗೆಯ ಎಣ್ಣೆಗಳನ್ನು ಎಂದಿಗೂ ಹಾಕಬಾರದು. ಅವು ಕೆಲವು ತಿಂಗಳಲ್ಲಿ ಅಂಟಾಗುವುವು. ಹಲ್ಲುಚಕ್ರಗಳಿಗೆ ತೆಳ್ಳಗೆ ಗ್ರೀಸು; ಬೇರಿಂಗಿಗೆ ಹೊಲಿಗೆಯಂತ್ರದ ಎಣ್ಣೆ ಒಂದೇ ತೊಟ್ಟು. ತಡೆಯ ಬಿಲ್ಲೆಗಳನ್ನು ಒರಸಿ ಒಣದಾಗಿಯೇ ಇಟ್ಟೆವು. ಅಲ್ಲಿ ಎಣ್ಣೆ ಬಿದ್ದರೆ ಹಿಡಿತವೇ ತಪ್ಪುವುದು.

ಈ ಕೆಲಸವು ಒಂಬತ್ತು ದಿನ ಹಿಡಿಯಿತು. ನಾನು ಕಣ್ಣು, ತಂದೆಯವರು ಬೆರಳು. ಯಾವ ಭಾಗವನ್ನು ಕೈಗಿತ್ತರೂ ಸವರಿ, ಇದು ಎಲ್ಲಿಯದು, ಇದರ ಯಾವ ಮುಖ ಮೇಲಕ್ಕೆ ಎಂಬುದನ್ನು ಹೇಳುತ್ತಿದ್ದರು. ನಡುಗುವ ಆ ಬೆರಳುಗಳು ಒಂದು ಬಿಲ್ಲೆಯನ್ನು ಹಿಡಿದ ಮಾತ್ರಕ್ಕೆ ನಡುಕ ನಿಲ್ಲಿಸುತ್ತಿದ್ದುವು. ಐದನೆಯ ದಿನವೋ ಆರನೆಯ ದಿನವೋ, ಉರುಳೆಯ ಒಳಗಿನಿಂದ ಮರಳಿನ ಕಣಗಳು ಪಂಚೆಯ ಮೇಲೆ ಉದುರಿದುವು. ಮಳೆಗಾಲದ ಥಂಡಿಯಲ್ಲಿ ಮರಳು ಹುಟ್ಟುವುದುಂಟೇ? ನಾನು ತಲೆಯೆತ್ತದೆ, “ಅಪ್ಪ, ಕಡಲಿಗೆ ಹೋಗಿತ್ತು. ನಿಮ್ಮನ್ನು ಕೇಳದೆ ನಾನೇ ಕೊಟ್ಟೆ. ಅಂದು ಸುಳ್ಳು ಹೇಳಿದೆ” ಎಂದೆನು.

ಅವರು ಚಕ್ರವನ್ನು ಉಜ್ಜುತ್ತಲೇ ಇದ್ದರು. “ನಾಲಗೆಗೆ ತಾಕಿದಾಗಲೇ ತಿಳಿಯಿತು ಕಣೋ. ಹುಡುಗನ ಮೇಲೆ ಹಾಕದೆ ಮಳೆಯ ಮೇಲೆ ಹಾಕಿದೆಯಲ್ಲ, ಅಷ್ಟಕ್ಕೆ ಸುಮ್ಮನಿದ್ದೆ. ನೀನು ಹೇಳುವವರೆಗೂ ನಾನು ಕಾಯಬಲ್ಲೆ, ಉಪ್ಪು ಕಾಯುತ್ತದೆಯೇ? ಅದಕ್ಕೇ ಬಿಚ್ಚೋಣವೆಂದೆ” ಎಂದರು. ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆಯನ್ನು ಚಿಕ್ಕಂದಿನಲ್ಲಿ ಅವರೇ ನನಗೆ ಕಾಪಿ ಬರೆಯಿಸಿದ್ದರು. ಅಂದು ಅದನ್ನು ಅವರು ಹೇಳಲಿಲ್ಲ, ನಾನೇ ನೆನೆದುಕೊಂಡೆನು.

ದೀಪಾವಳಿಗೆ ಮಗಳೂ ಅಳಿಯನೂ ಬಂದರು. ಅಳಿಯನ ಮುಖದಲ್ಲಿ ಅಳುಕಿದ್ದಿತು. ಮಗಳು ಎಲ್ಲವನ್ನೂ ತಿಳಿಸಿದ್ದಳೆಂದು ತೋರುವುದು. ತಂದೆಯವರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಡೆದುದನ್ನು ಒಂದು ಮಾತೂ ಎತ್ತದೆ, ಒಂದು ಬಟ್ಟಲು ನೀರು ತರಿಸಿದರು. ಕಡಲಿನಿಂದ ಮನೆಗೆ ಬಂದ ಸಂಜೆಯೇ, ಸ್ನಾನ ಮಾಡುವ ಮೊದಲು, ನಕ್ಷತ್ರದ ಚಕ್ರವನ್ನು ಪೂರ್ತಿ ಬಿಗಿಮಾಡಿ ಸಿಹಿನೀರನ್ನು ಮೆಲ್ಲಗೆ ಸುರಿಯಬೇಕು. ನಲ್ಲಿಯ ರಭಸಕ್ಕೆ ಹಿಡಿದರೆ ಉಪ್ಪು ಒಳಕ್ಕೆ ನುಗ್ಗುವುದು. ಬಳಿಕ ಒರಸಿ, ಚಕ್ರವನ್ನು ಪೂರ್ತಿ ಸಡಿಲಿಸಿ, ನೆರಳಿನಲ್ಲಿ ಆರಿಸಬೇಕು. ಬಿಗಿಯಾಗಿಯೇ ಇಟ್ಟರೆ ಬಿಲ್ಲೆಗಳು ಅಂಟಿಕೊಳ್ಳುವುವು. ಪ್ಲಾಸ್ಟಿಕ್ ಚೀಲದಲ್ಲಿಡದೆ ಬಟ್ಟೆಯ ಚೀಲದಲ್ಲಿಡಬೇಕು. ಇಷ್ಟನ್ನೂ ಅವನ ಕೈಯಿಂದಲೇ ಮಾಡಿಸಿದರು. ಆಮೇಲೆ ರಾಟೆಯನ್ನು ಅವನ ಮಡಿಲಲ್ಲಿಟ್ಟು, “ತೆಗೆದುಕೊಂಡು ಹೋಗಪ್ಪ” ಎಂದರು.

ನನ್ನ ಎದೆ ಧಸಕ್ಕೆಂದಿತು. ಒಂಬತ್ತು ದಿನ ದುಡಿದು ಉಳಿಸಿದ್ದು ಮರಳಿ ಕಡಲ ಪಾಲೇ? ಅಂದು ರಾತ್ರಿ ತಡೆಯಲಾರದೆ ಕೇಳಿಯೇಬಿಟ್ಟೆನು. ತಂದೆಯವರು, “ನನ್ನ ಹೊಳೆಯಲ್ಲಿ ಅದಕ್ಕೆ ಇನ್ನು ಕೆಲಸವಿಲ್ಲ, ಇಲ್ಲದಿರುವುದೇ ಸರಿ, ಆ ಮೀನು ಬದುಕಲಿ. ನನಗೆ ಕೊಟ್ಟವರೂ ಬೀರುವಿನಲ್ಲಿಡು ಎಂದು ಕೊಡಲಿಲ್ಲವಲ್ಲ” ಎಂದರು. ಸ್ವಲ್ಪ ತಡೆದು, “ಬಿಚ್ಚುವುದು ನಿನಗೆ ಬಂದಿತಷ್ಟೆ?” ಎಂದು ಕೇಳಿದರು. ಬಂದಿತೆಂದೆನು.

ಈಗ ಭಾನುವಾರದ ಸಂಜೆಗಳಲ್ಲಿ ಮಂಗಳೂರಿನಿಂದ ಫೋನು ಬರುವುದು. ಕುಶಲಪ್ರಶ್ನೆಗಳಾದ ಮೇಲೆ ಅಳಿಯನು, “ತಾತ, ತೊಳೆದಾಯಿತು” ಎಂದು ಹೇಳಿ ರಾಟೆಯನ್ನು ಫೋನಿನ ಬಳಿ ಹಿಡಿದು ತಿರುಗಿಸುವನು. ಕಟಕಟನೆಂಬ ಸದ್ದು ಘಟ್ಟವನ್ನು ದಾಟಿ ನಮ್ಮ ಜಗಲಿಗೆ ಕೇಳುವುದು. ತಂದೆಯವರು ಕಣ್ಣುಮುಚ್ಚಿ ಅದನ್ನು ಕೊನೆಯವರೆಗೂ ಕೇಳಿ, ಒಮ್ಮೊಮ್ಮೆ “ಸರಿಯಿದೆ” ಎನ್ನುವರು; ಒಮ್ಮೊಮ್ಮೆ “ಎಡಗಡೆ ಒಂದು ತೊಟ್ಟು ಎಣ್ಣೆ ಬಿಡು” ಎನ್ನುವರು.